ನೆಲದಡಿಯ ಕಣ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನಮ್ಮ ಕಡೆ ಇಂಥ ಕಥೆಗಳಿಗೇನೂ ಬರವಿಲ್ಲ. ವನಗೂರಿನ ಏರು ರಸ್ತೆಯಲ್ಲಿ ಜೀಪು ಓಡಿಸುವ ಪ್ರತಿಯೊಬ್ಬ ಡ್ರೈವರನಿಗೂ ಒಬ್ಬಳು ಬಿಳಿ ಸೀರೆಯವಳು ಒಮ್ಮೆಯಾದರೂ ಕೈ ಅಡ್ಡ ಹಿಡಿದಿದ್ದಾಳೆ. ದೋಣಿಗಲ್ ಹತ್ತಿರ ರೈಲು ಹಳಿಯ ಮೇಲೆ ಲಾಟೀನು ಹಿಡಿದು ಹೋಗುವವನನ್ನು ಕಂಡವರು ನಮ್ಮ ಬಳಗದಲ್ಲೇ ಇದ್ದಾರೆ. ಅವರು ಕಣ್ಣರಳಿಸಿಕೊಂಡು ಹೇಳುತ್ತಿದ್ದರೆ, ಆ ಲಾಟೀನಿಗೆ ಸೀಮೆಎಣ್ಣೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿ ಮಜ ಕೆಡಿಸುತ್ತಿದ್ದವಳು ನಾನು. ಹಾಗಾಗಿ ಈಗ ನಾನೇ ಒಂದು ಹೇಳಲು ಕುಳಿತಿರುವುದನ್ನು ನೋಡಿ ಅವರೆಲ್ಲ ನಗುತ್ತಾರೆ. ನಗಲಿ, ಅವರ ಸರದಿ ಬಂದಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥವು ಅಮಾವಾಸ್ಯೆಯ ನಡುರಾತ್ರಿ ನಡೆಯಬೇಕು ಎಂಬ ಕಟ್ಟಳೆ ಇದೆ. ನನಗಾದದ್ದು ಹಾಡಹಗಲು, ನೆತ್ತಿ ಸುಡುವ ಬಿಸಿಲಿನಲ್ಲಿ. ಮಳೆ ಇರಲಿಲ್ಲ, ಗುಡುಗು ಇರಲಿಲ್ಲ, ನಾಯಿ ಕೂಡ ಊಳಿಡಲಿಲ್ಲ. ಅದು ನಮ್ಮ ಅತ್ತೆ, ಅಂದರೆ ಯಜಮಾನರ ತಾಯಿ, ಸಾಕಿದ್ದ ಸೋಮಾರಿ ನಾಯಿ, ಆ ದಿನವೂ ಮಲಗಿಯೇ ಇತ್ತು.

ನಮ್ಮದು ದೊಡ್ಡ ಎಸ್ಟೇಟ್ ಅಲ್ಲ. ಲೆಕ್ಕ ಬರೆಯುವ ರೈಟರ್ ಇಲ್ಲ, ಕೂಲಿಯವರ ಲೈನ್ ಮನೆಗಳಿಲ್ಲ. ವನಗೂರಿನಿಂದ ಇನ್ನಷ್ಟು ಮೇಲೆ, ಗುಡ್ಡದ ಇಳಿಜಾರಿನಲ್ಲಿ ಒಂದಿಷ್ಟು ಕಾಫಿ, ಮರಗಳಿಗೆ ಹಬ್ಬಿದ ಮೆಣಸು, ಹಳ್ಳದ ಪಕ್ಕ ಏಲಕ್ಕಿ. ಆದರೆ ಕಾಫಿ ಒಣಗಿಸುವುದರಲ್ಲಿ ನಮ್ಮ ಮನೆಯನ್ನು ಮೀರಿಸಿದವರು ಆ ಸುತ್ತಿನಲ್ಲಿ ಇರಲಿಲ್ಲ, ಈಗಲೂ ಇಲ್ಲ. ಜಂಬ ಎಂದುಕೊಂಡರೂ ಪರವಾಗಿಲ್ಲ, ಇರುವುದನ್ನು ಹೇಳುತ್ತಿದ್ದೇನೆ. ಹಣ್ಣು ಎಲ್ಲರೂ ಬೆಳೆಯುತ್ತಾರೆ. ಕುಯ್ದ ಮೇಲೆ ಅದನ್ನು ಮನೆ ಮುಂದಿನ ಸಿಮೆಂಟು ಕಣದಲ್ಲಿ ಒಣಗಿಸುವುದು ಮಗು ಸಾಕಿದ ಹಾಗೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಟಾರ್ಪಾಲು ತೆಗೆಯಬೇಕು. ಬಿಸಿಲು ಏರಿದಂತೆ ಗೋರುಮಣೆಯಿಂದ ಎಳೆದು ಸಾಲು ಮಾಡಬೇಕು, ಆ ಸಾಲನ್ನು ಒಡೆದು ಮತ್ತೆ ಎಳೆಯಬೇಕು. ಗೋರುಮಣೆ ಎಂದರೆ ಉದ್ದ ಕೋಲಿನ ತುದಿಗೆ ಒಂದು ಅಡ್ಡ ಹಲಗೆ, ಅಷ್ಟೆ. ಸಂಜೆ ಇಬ್ಬನಿ ಬೀಳುವ ಮೊದಲು ಮತ್ತೆ ಟಾರ್ಪಾಲು ಮುಚ್ಚಿ ಅಂಚಿಗೆ ಕಲ್ಲು ಹೇರಬೇಕು. ಮುಚ್ಚಲು ಒಂದು ಸಂಜೆ ಮರೆತರೂ ಕಾಫಿಗೆ ಮುಗ್ಗಲು ಹಿಡಿಯುತ್ತದೆ.

ಈ ಕೆಲಸದಲ್ಲಿ ನಮ್ಮ ಅತ್ತೆ ಎತ್ತಿದ ಕೈ. ಕೂಲಿಯವರು ಅವರನ್ನು ಕಣದಮ್ಮ ಎಂದೇ ಕರೆಯುತ್ತಿದ್ದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅತ್ತೆ ತಲೆಗೆ ಟವೆಲು ಸುತ್ತಿಕೊಂಡು ಒಬ್ಬರೇ ಕಣಕ್ಕೆ ಇಳಿಯುತ್ತಿದ್ದರು. ಬಿಸಿಲಿಗೆ ಜೋರು ಇರುವುದೇ ಆ ಹೊತ್ತಿನಲ್ಲಿ, ಆಗ ಕಾಫಿಯನ್ನು ಸುಮ್ಮನೆ ಬಿಟ್ಟರೆ ಪಾಪ ಎನ್ನುವುದು ಅವರ ಲೆಕ್ಕಾಚಾರ. ಅವರದು ಎಡಗೈ. ಗೆರೆ ಹೊಡೆದಷ್ಟು ನೇರವಾಗಿ ಸಾಲು ಎಳೆದುಕೊಂಡು ಬಂದು, ಕಣದ ಅಂಚು ಬಂದಾಗ ಮಣೆಯನ್ನು ಎಡಕ್ಕೆ ತಿರುಗಿಸಿ ಟಕ್ ಎಂದು ಕುಟ್ಟುತ್ತಿದ್ದರು. ಹಾಗೆ ಮಾಡಿದರೆ ಕಾಳು ಅಂಚು ದಾಟಿ ಮಣ್ಣಿಗೆ ಉರುಳುವುದಿಲ್ಲ. ಅದರಿಂದ ಪ್ರತಿ ಸಾಲಿನ ಕೊನೆಯಲ್ಲಿ ಎಡಕ್ಕೆ ಬಾಗಿದ ಒಂದು ಸಣ್ಣ ಕೊಕ್ಕೆ ಉಳಿಯುತ್ತಿತ್ತು. ರಸ್ತೆಯಲ್ಲಿ ಹೋಗುವವರು ಕೂಡ ಆ ಕೊಕ್ಕೆ ನೋಡಿ, ಇವತ್ತು ಕಣದಮ್ಮನೇ ಎಳೆದಿದ್ದಾರೆ ಎಂದು ಹೇಳುತ್ತಿದ್ದರು. ನಾನು ಎಷ್ಟೋ ವರ್ಷ ಅದನ್ನು ಕಲಿಯಲು ನೋಡಿದೆ. ನನ್ನದು ಬಲಗೈ, ಕೊಕ್ಕೆ ಬಲಕ್ಕೇ ಬೀಳುತ್ತಿತ್ತು. ನನ್ನ ಸಾಲುಗಳನ್ನು ನೋಡಿ ಅತ್ತೆ, ಪಕ್ಕದ ಮನೆಯವರು ಬಂದು ಎಳೆದು ಹೋದರಾ ಎಂದು ಕೇಳುತ್ತಿದ್ದರು.

ಇನ್ನು ನೆಲದ ವಿಷಯ. ನಮ್ಮ ಮನೆ ಇಳಿಜಾರಿನಲ್ಲಿರುವುದರಿಂದ ಮುಂದಿನ ಹಜಾರಕ್ಕೂ ಅದರ ಪಕ್ಕದ ಅತ್ತೆಯ ಕೋಣೆಗೂ ಮರದ ನೆಲ. ಕಲ್ಲಿನ ಮೋಟುಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಯ ಕೆಳಗೆ ಒಬ್ಬರು ತೆವಳಬಹುದಾದಷ್ಟು ಖಾಲಿ ಜಾಗ, ಅದರ ಕೆಳಗೆ ಮಣ್ಣು. ಗಾಳಿಗೆ ಒಡೆದು ಬಿದ್ದ ಒಂದೇ ಹೆಬ್ಬಲಸಿನ ಮರದಿಂದ ಅಷ್ಟೂ ಹಲಗೆ ಕೊಯ್ಯಿಸಿ ಹಾಕಿಸಿದವರು ನಮ್ಮ ಮಾವ. ನಾನು ಮದುವೆಯಾಗಿ ಬಂದ ದಿನ, ಮಾಘದ ಚಳಿಯಲ್ಲಿ ಬರಿಗಾಲಲ್ಲಿ ಆ ನೆಲದ ಮೇಲೆ ಕಾಲಿಟ್ಟಾಗ ಬೆಚ್ಚಗೆನಿಸಿತು. ಕುಂದೂರಿನ ನನ್ನ ತವರಿನಲ್ಲಿ ಕಡಪ ಕಲ್ಲಿನ ನೆಲ, ಚಳಿಗಾಲದಲ್ಲಿ ಕಾಲು ಮರಗಟ್ಟುತ್ತಿತ್ತು. ಹೊಸ ಮನೆಯಲ್ಲಿ ನನ್ನ ಭಯ ಕಡಿಮೆ ಮಾಡಿದ್ದು ಯಾವ ಮನುಷ್ಯರೂ ಅಲ್ಲ, ಆ ನೆಲ. ಅವತ್ತಿನಿಂದ ಅದರ ಮೇಲೆ ನನಗೆ ವಿಪರೀತ ಪ್ರೀತಿ.

ಅತ್ತೆ ತೀರಿಕೊಂಡ ಮರುವರ್ಷ ಕುಯ್ಲಿನ ಕಾಲಕ್ಕೆ ಆ ನೆಲ ಕೆಡಲು ಶುರುವಾಯಿತು. ಹಜಾರದ ಹಲಗೆಗಳ ಅಂಚು ಮೇಲೆದ್ದು, ನಡುವೆ ದೋಣಿಯ ಹಾಗೆ ತಗ್ಗಾಯಿತು. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಮೂಲೆಯಲ್ಲಿಟ್ಟ ಚಾಪೆಯ ಅಡಿಗೆ ಬೂಷ್ಟು ಬಂತು. ನಮ್ಮ ಯಜಮಾನರು ಸಕಲೇಶಪುರದಿಂದ ಹೂವಿನ ಚಿತ್ತಾರದ ಪ್ಲಾಸ್ಟಿಕ್ ಹಾಸು ತಂದು ಅದರ ಮೇಲೆ ಹಾಸಿದರು. ಕಾಣದಿದ್ದರೆ ತೊಂದರೆ ಇಲ್ಲ ಎನ್ನುವ ಜಾತಿಯ ಮನುಷ್ಯ ಅವರು, ಹಾಗಾಗಿಯೇ ನನ್ನ ಜೊತೆ ಇಷ್ಟು ವರ್ಷ ಸುಖವಾಗಿದ್ದಾರೆ.

ಭಾವನವರು ಬಂದಾಗ ವಿಷಯ ದೊಡ್ಡದಾಯಿತು. ಭಾವ ಎಂದರೆ ಯಜಮಾನರ ಅಣ್ಣ. ಹಾಸನದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿದ್ದಾರೆ, ಭಾನುವಾರಗಳಲ್ಲಿ ಬಂದು ಹೋಗುತ್ತಾರೆ. ಅವರ ಪ್ರಕಾರ ಜಗತ್ತಿನ ಸಕಲ ಕಾಯಿಲೆಗೂ ಸಿಮೆಂಟೇ ಮದ್ದು. ಹಜಾರದಲ್ಲಿ ಒಂದು ಸುತ್ತು ನಡೆದವರು, ಪ್ಲಾಸ್ಟಿಕ್ ಹಾಸಿನ ಅಡಿಯಲ್ಲಿ ಹಲಗೆ ಕಿರುಗುಟ್ಟಿದ್ದನ್ನು ಕೇಳಿ ತೀರ್ಮಾನ ಕೊಟ್ಟೇಬಿಟ್ಟರು. ಹಲಗೆ ಪೂರ್ತಿ ಕಿತ್ತು, ಕೆಳಗೆ ಮಣ್ಣು ತುಂಬಿಸಿ, ಮೇಲೆ ಸಿಮೆಂಟು ಹಾಕಿ ಟೈಲ್ಸ್ ಕೂರಿಸುವುದು. ಮನೆಯ ಹಿರಿಯರು ಅವರು, ಅವರ ಮಾತು ನಡೆಯುವ ಮಾತು. ಯಜಮಾನರು ಹೂಂ ಎಂದರು. ನಾನು ಉಹೂಂ ಎಂದೆ.

"ಕಾಫಿ ಒಣಗ್ಸೋ ಮನೆ ಭಾವ ಇದು. ಒಂದು ನೆಲ ಒಣಗ್ಸಕ್ಕೆ ಬರಲ್ಲ ಅಂದ್ರೆ ಊರೋರು ನಗ್ತಾರೆ. ಈ ಸಲದ ಕಾಫಿ ಕಣದಿಂದ ಏಳೋವರ್ಗೂ ಟೈಮ್ ಕೊಡಿ."

ಅವರು ಒಪ್ಪಿದರು. ಅಷ್ಟರೊಳಗೆ ಒಣಗದಿದ್ದರೆ ನಾನು ಮತ್ತೆ ಬಾಯಿ ತೆರೆಯಬಾರದು ಎಂಬುದು ಷರತ್ತು. ಭಾವ ಕೆಟ್ಟವರಲ್ಲ. ಆದರೆ ಕಣ ಎಂದರೆ ಅವರಿಗೆ ಆಗುತ್ತಿರಲಿಲ್ಲ, ಅದಕ್ಕೊಂದು ಕಾರಣವಿತ್ತು. ಚಿಕ್ಕವರಿದ್ದಾಗ ಅವರ ಕೈಗೆ ಗೋರುಮಣೆ ಕೊಟ್ಟರೆ ಅವರು ಎಳೆದ ಸಾಲು ಹಾವು ಹರಿದ ಹಾಗಿತ್ತಂತೆ. ಅತ್ತೆ ಅದನ್ನು ಬಂದ ನೆಂಟರಿಗೆಲ್ಲ ಹೇಳಿ ನಗುತ್ತಿದ್ದರು. ಮೀಸೆ ಬಂದ ಮೇಲೆ ಅವರು ಕಣಕ್ಕೆ ಇಳಿಯುವುದನ್ನೇ ಬಿಟ್ಟರು. ತಾಯಿಯ ಬಾಯಿಂದ ಭೇಷ್ ಎನಿಸಿಕೊಂಡದ್ದು ನೆನಪಿಲ್ಲ ಎಂದು ಒಮ್ಮೆ ಅವರೇ ನನ್ನ ಹತ್ತಿರ ಹೇಳಿಕೊಂಡಿದ್ದರು.

ಸದ್ದು ಕೇಳಿಸಿದ್ದು ಇದಾದ ಮೇಲೆ. ಊಟದ ಹೊತ್ತು, ಕಣದಲ್ಲಿ ಯಾರೂ ಇರಲಿಲ್ಲ. ನಾನು ಅತ್ತೆಯ ಕೋಣೆಯಲ್ಲಿ ಹಾಸಿಗೆ ಮಡಚುತ್ತಿದ್ದೆ. ಕಾಲ ಕೆಳಗಿನಿಂದ ಸರ್ ಎಂದು ಏನೋ ಎಳೆದ ಸದ್ದು ಬಂತು. ಸ್ವಲ್ಪ ತಡೆದು ಟಕ್. ಮತ್ತೆ ಸರ್, ಮತ್ತೆ ಟಕ್. ಕಾಫಿ ಮನೆಯಲ್ಲಿ ಬದುಕಿದವರಿಗೆ ಆ ಸದ್ದು ಏನೆಂದು ಹೇಳಬೇಕಾಗಿಲ್ಲ. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಕಣ ಖಾಲಿ. ಗೋರುಮಣೆಗಳು ಗೋಡೆಗೆ ಒರಗಿಕೊಂಡು ನಿಂತಿದ್ದವು.

ಹೆದರಿದೆ ಎಂದುಕೊಳ್ಳಬೇಡಿ. ಬಿಸಿಲಿಗೆ ಮರ ಹಿಗ್ಗುತ್ತದೆ, ಹಿಗ್ಗಿದಾಗ ಸದ್ದು ಮಾಡುತ್ತದೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಮಾರನೆಯ ಮಧ್ಯಾಹ್ನವೂ ಅದೇ ಸದ್ದು, ಅದೇ ಹೊತ್ತಿಗೆ. ನಡುವೆ ಒಂದು ದಿನ ಮೋಡ ಕವಿದಿತ್ತು, ಅವತ್ತು ಕಿವಿಗೊಟ್ಟು ಕುಳಿತರೂ ಏನೂ ಕೇಳಲಿಲ್ಲ. ಕಂಡಿರಾ, ಬಿಸಿಲಿಲ್ಲ ಅದಕ್ಕೇ ಮರ ಸುಮ್ಮನಿದೆ ಎಂದು ಗೆದ್ದವಳ ಹಾಗೆ ಎದ್ದೆ. ಅಡುಗೆಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುವಾಗ ಹೊಳೆಯಿತು, ಮೋಡದ ದಿನ ಕಾಫಿಯನ್ನೂ ಎಳೆಯುವುದಿಲ್ಲ. ಒಗ್ಗರಣೆ ಸೀದು ಹೋಯಿತು.

ಯಾರಿಗೂ ಹೇಳಲಿಲ್ಲ. ನನ್ನ ಬಾಯಿಂದ ಇಂಥ ಮಾತು ಬಂದರೆ ಊರಿಗೆ ಹಬ್ಬ. ಬದಲಿಗೆ ನೆಲದ ಕಡೆ ಗಮನ ಕೊಟ್ಟೆ. ಒಂದು ಬೆಳಗ್ಗೆ ಹಜಾರದ ಪ್ಲಾಸ್ಟಿಕ್ ಹಾಸಿನ ಮೂಲೆ ಎತ್ತಿ ನೋಡಿದರೆ ಅದರ ಅಡಿಯೆಲ್ಲ ನೀರಿನ ಹನಿ. ಮಳೆ ನಿಂತು ಎಷ್ಟೋ ಕಾಲವಾಗಿತ್ತು, ಮೇಲಿನಿಂದ ನೀರು ಬರಲು ದಾರಿಯೇ ಇಲ್ಲ. ಹನಿ ನೋಡುತ್ತಲೇ ನನಗೆ ಕಣದ ಟಾರ್ಪಾಲು ನೆನಪಾಯಿತು. ಪೂರ್ತಿ ಒಣಗದ ಕಾಫಿಯ ಮೇಲೆ ಟಾರ್ಪಾಲು ಮುಚ್ಚಿ ಬೆಳಗ್ಗೆ ತೆಗೆದರೆ ಅದರ ಹೊಟ್ಟೆಗೂ ಹೀಗೇ ಹನಿ ಕಟ್ಟಿರುತ್ತದೆ. ಕಾಫಿಯ ತೇವ ಆವಿಯಾಗಿ ಮೇಲೆದ್ದು, ಹೊರಗಿನ ಚಳಿಗೆ ಟಾರ್ಪಾಲಿನಲ್ಲೇ ನೀರಾಗುತ್ತದೆ. ನೆಲದಡಿಯ ಮಣ್ಣು ಮಳೆಗಾಲದ ತೇವವನ್ನು ಇಟ್ಟುಕೊಂಡಿದೆ, ಅದು ಮೇಲೆದ್ದು ತಣ್ಣಗಿನ ಹಲಗೆಗೆ ಹತ್ತಿ ಬೆವರುತ್ತಿದೆ. ಹಾಗಾದರೆ ಇಷ್ಟು ವರ್ಷ ಆ ತೇವ ಎಲ್ಲಿ ಹೋಗುತ್ತಿತ್ತು?

ಗಾಳಿಗೆ ಹೋಗುತ್ತಿತ್ತು. ಮಾವ ನೆಲ ಹಾಕಿಸುವಾಗ ತಳಗೋಡೆಯಲ್ಲಿ ಮುಂದೆ, ಹಿಂದೆ ಅಂಗೈಯಗಲದ ಗಾಳಿಕಿಂಡಿ ಬಿಡಿಸಿದ್ದರು. ಹಿಂದಿನವಕ್ಕೆ ಇಲಿ ಬರುತ್ತವೆಂದು ಯಾರೋ ಗೋಣಿಚೀಲ ತುರುಕಿದ್ದರು, ಎಳೆದು ಬಿಸಾಡಿದೆ. ಮುಂದೆ ಬಂದು ಹುಡುಕಿದರೆ ಒಂದೂ ಕಾಣಲಿಲ್ಲ. ಕಣದ ಸಿಮೆಂಟು ಗೋಡೆಯವರೆಗೂ ಬಂದು ಅಷ್ಟನ್ನೂ ನುಂಗಿತ್ತು.

ಆ ಕಣವನ್ನು ಗೋಡೆಯವರೆಗೆ ಬೆಳೆಸಿದವರು ಅತ್ತೆ. ಕೈಲಾಗುತ್ತಿದ್ದ ಕೊನೆಯ ವರ್ಷಗಳಲ್ಲಿ ಅವರು ಮಾಡಿಸಿದ ಕೆಲಸ ಅದು. ಬಿಸಿಲಿಗೆ ಕಾದ ಗೋಡೆಯ ಪಕ್ಕ ಕಾಫಿ ಬೇಗ ಒಣಗುತ್ತದೆ ಎಂದು ಅವರು ಕಂಡುಕೊಂಡಿದ್ದರು. ನೀರು ನಿಲ್ಲದಿರಲಿ ಎಂದು ಗೋಡೆಯ ಕಡೆ ಸಿಮೆಂಟನ್ನು ಎತ್ತರ ಮಾಡಿಸಿದ್ದರು. ಅವರ ಲೆಕ್ಕ ಸರಿಯಾಗಿಯೇ ಇತ್ತು, ಅಲ್ಲಿ ಒಣಗಿದ ಕಾಫಿಯನ್ನು ಮೂಸಿದವರು ಮತ್ತೆ ಮೂಸುತ್ತಿದ್ದರು. ಕಾಫಿ ಒಣಗಿಸುವ ಹಟದಲ್ಲಿ ಮನೆಯ ಅಡಿ ಒದ್ದೆಯಾದೀತು ಎಂದು ಅವರಿಗೂ ಹೊಳೆಯಲಿಲ್ಲ, ಪಕ್ಕದಲ್ಲೇ ನಿಂತು ಹೊಗಳುತ್ತಿದ್ದ ನಮಗೂ ಹೊಳೆಯಲಿಲ್ಲ. ಹಾಸಿಗೆ ಹಿಡಿದ ಮೇಲೆ ಒಮ್ಮೆ ಅತ್ತೆ ಕೈ ಇಳಿಬಿಟ್ಟು ಹಲಗೆ ಸವರಿ, ಇದು ಒಣಗಿಲ್ಲ ಕಣೆ ಎಂದಿದ್ದರು. ಕಾಯಿಲೆಯ ಮಾತು ಎಂದುಕೊಂಡು ಹಾಲು ಕುಡಿಸಿದ್ದೆವು.

ಕಣದ ಅಂಚು ಒಡೆಯಬೇಕು ಎಂದಾಗ ಯಜಮಾನರು ಮೊದಲ ಬಾರಿಗೆ ಮುಖ ಗಂಟಿಕ್ಕಿದರು. ಅವ್ವ ಮಾಡಿಸಿದ್ದನ್ನು ಒಡೆಯುವುದಾ ಎಂದು ಕೇಳಿದರು. ಒಡೆಯದಿದ್ದರೆ ಅಪ್ಪ ಮಾಡಿಸಿದ್ದು ಹೋಗುತ್ತದೆ ಎಂದೆ. ಅವರು ಎದ್ದು ಹೋಗಿ ಸುತ್ತಿಗೆ ತಂದರು.

ಹಲಗೆ ಬಿಚ್ಚಲು ದೋಣಿಗಲ್ ಕಡೆಯಿಂದ ತಿಮ್ಮಾಚಾರಿಯನ್ನು ಕರೆಸಿದೆವು. ಬಡಗಿ ಒಳ್ಳೆಯವನು, ಮಾತು ಅದಕ್ಕಿಂತ ಜೋರು. ಸುತ್ತಮುತ್ತಲಿನ ಬಂಗಲೆಗಳ ತೊಲೆಯೆಲ್ಲ ತನ್ನ ಕೈಲೇ ನಿಂತಿರುವುದು ಎಂದು ಹೇಳಿಕೊಳ್ಳುತ್ತಲೇ ಹಜಾರದ ಮೂಲೆಯಲ್ಲಿ ಎರಡು ಹಲಗೆ ಎಬ್ಬಿಸಿದ. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ತೊಲೆಗಳ ಹೊಟ್ಟೆಯಲ್ಲಿ ಸಾಲುಸಾಲು ಹನಿ, ಕೆಳಗೆ ಕೆಸರು. ತೊಲೆಯ ತುದಿಗಳಿಗೆ ಉಳಿ ಚುಚ್ಚಿ ನೋಡಿ, ಒಂದೆರಡು ಬಿಟ್ಟರೆ ಮರ ಗಟ್ಟಿಯಾಗಿದೆ ಎಂದ. ಒಳಗೆ, ಅತ್ತೆಯ ಕೋಣೆಯ ಕೆಳಗೆ ಹೇಗಿದೆ ಎಂದು ನೋಡಬೇಕಿತ್ತು. ತಿಮ್ಮಾಚಾರಿ ತನ್ನ ಹೊಟ್ಟೆಯನ್ನೂ ಆ ಜಾಗವನ್ನೂ ನೋಡಿ, ಸೊಂಟನೋವಿನ ವಿಷಯ ತೆಗೆದ. ನಾನು ಸೆರಗು ಸಿಕ್ಕಿಸಿಕೊಂಡು, ತಲೆಗೆ ಬ್ಯಾಟರಿ ಕಟ್ಟಿಕೊಂಡು ಇಳಿದೇಬಿಟ್ಟೆ. ಐವತ್ತು ದಾಟಿದ ಹೆಂಗಸು ನೆಲದಡಿಯಲ್ಲಿ ತೆವಳಿದ್ದನ್ನು ಈಗಲೂ ನಾನು ಎದೆಯುಬ್ಬಿಸಿ ಹೇಳುತ್ತೇನೆ.

ಹಜಾರದ ಕೆಳಗೆ ಮೊಣಕೈ ಹೂತುಹೋಗುವ ಕೆಸರು. ಬೆನ್ನ ಮೇಲೆ ತಣ್ಣಗೆ ಹನಿ ಬೀಳುತ್ತಿತ್ತು. ಎರಡು ಕೋಣೆಗಳ ನಡುವಿನ ಮೋಟುಗೋಡೆಯಲ್ಲಿ ಒಂದು ಸಂದು ಇದೆ, ನನ್ನಂಥ ಸಣಕಲಿಗೆ ಸಾಕು. ಅದರಲ್ಲಿ ತಲೆ ತೂರಿಸಿದಾಗ ಮೊದಲು ಗೊತ್ತಾದದ್ದು ವಾಸನೆ. ಮುಗ್ಗಲು ನಿಂತುಹೋಗಿತ್ತು. ಬಿಸಿಲಲ್ಲಿ ಒಣಗುವ ಕಾಫಿಯ ವಾಸನೆ ಬರುತ್ತಿತ್ತು, ಸಂಜೆ ಟಾರ್ಪಾಲು ಮುಚ್ಚುವಾಗ ಬರುತ್ತದಲ್ಲ, ಅದು.

ಬ್ಯಾಟರಿಯ ಬೆಳಕು ಮುಂದೆ ಬಿತ್ತು. ಮಣ್ಣು ಒಣಗಿತ್ತು. ಸುಮ್ಮನೆ ಒಣಗಿದ್ದಲ್ಲ, ಹಿಡಿದರೆ ಬೆರಳ ಸಂದಿನಿಂದ ಉದುರುವಷ್ಟು. ಆ ಮಣ್ಣು ಈ ಗೋಡೆಯಿಂದ ಆ ಗೋಡೆಯವರೆಗೆ ಸಾಲುಸಾಲಾಗಿತ್ತು. ಗೆರೆ ಹೊಡೆದಷ್ಟು ನೇರ. ಪ್ರತಿ ಸಾಲಿನ ಕೊನೆಯಲ್ಲಿ ಎಡಕ್ಕೆ ಬಾಗಿದ ಒಂದು ಕೊಕ್ಕೆ.

ನಾನು ಸಾಲುಗಳ ನಡುವೆ ಅಂಗೈ ಊರಿದೆ. ಮಣ್ಣು ಬೆಚ್ಚಗಿತ್ತು. ಮೇಲಿನ ಹಲಗೆ ಸವರಿದೆ, ಒಂದು ಹನಿಯೂ ಇಲ್ಲ. ಕಾಲಿನ ಗುರುತು, ಮೊಣಕಾಲಿನ ಗುರುತು ಏನಾದರೂ ಇದೆಯೇ ಎಂದು ಮೂಲೆಮೂಲೆಗೂ ಬೆಳಕು ಬಿಟ್ಟೆ. ಏನೂ ಇರಲಿಲ್ಲ. ಇರುವುದಾದರೂ ಹೇಗೆ, ಆ ಹಲಗೆಗಳನ್ನು ಮಾವನ ಕಾಲದ ನಂತರ ಯಾರೂ ಎಬ್ಬಿಸಿರಲಿಲ್ಲ. ಹೊರಗಿನಿಂದ ಬರಲು ಇದ್ದದ್ದು ಅಂಗೈಯಗಲದ ಕಿಂಡಿಗಳು ಮಾತ್ರ.

ಆ ಗಳಿಗೆಯಲ್ಲಿ ನನಗೆ ಭಯವಾಗಲಿಲ್ಲ ಎಂದರೆ ನೀವು ನಂಬಬೇಕು. ಹೆಮ್ಮೆಯಾಯಿತು. ಎಂಥ ಸಾಲು ಎಂದು ನೋಡುತ್ತಾ ಹೊಟ್ಟೆಯ ಮೇಲೆ ಮಲಗಿಯೇ ಇದ್ದೆ. ಇಂಥ ಕೈ ನಮ್ಮ ಮನೆಯಲ್ಲಲ್ಲದೆ ಇನ್ನೆಲ್ಲಿ ಎಂದು ಎದೆ ತುಂಬಿ ಬಂತು, ಕಣ್ಣೂ ತುಂಬಿತು. ಒಂದು ಸಾಲಿಗೂ ಕೈ ತಗುಲಿಸದೆ ಹಿಂದಕ್ಕೆ ಸರಿದು ಬಂದೆ. ಭಯ ಬಂದದ್ದು ಆಮೇಲೆ, ಬಚ್ಚಲಲ್ಲಿ ಕೆಸರು ತೊಳೆದುಕೊಳ್ಳುವಾಗ.

ತಿಮ್ಮಾಚಾರಿಗೆ, ಆ ಕೋಣೆಯ ಕೆಳಗೆ ಒಣಗಿದೆ ಎಂದಷ್ಟೇ ಹೇಳಿದೆ. ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿ, ಭಾನುವಾರ ಅಣ್ಣ ಬರಲಿ ಎಂದರು.

ಭಾವ ಬಂದರು. ನಾನು ಏನೂ ವಿವರಿಸದೆ ಅತ್ತೆಯ ಕೋಣೆಗೆ ಕರೆದುಕೊಂಡು ಹೋಗಿ, ಕಿಟಕಿಯ ಬಳಿ ಎರಡು ಹಲಗೆ ಎಬ್ಬಿಸಲು ತಿಮ್ಮಾಚಾರಿಗೆ ಹೇಳಿದೆ. ಭಾವ ಮೊದಲು ನಿಂತೇ ಬಗ್ಗಿ ನೋಡಿದರು. ಆಮೇಲೆ ಮೊಣಕಾಲೂರಿದರು. ನನ್ನ ಕೈಯಿಂದ ಬ್ಯಾಟರಿ ತೆಗೆದುಕೊಂಡು ತಲೆಯನ್ನು ಹಲಗೆಯ ಕೆಳಗೆ ಇಳಿಸಿದರು. ತುಂಬಾ ಹೊತ್ತು ಮೇಲೆತ್ತಲಿಲ್ಲ. ನಾನು ಎಳೆದಿದ್ದೀನೇನೋ ಎಂಬ ಗುಮಾನಿ ಅವರಿಗೆ ಬಂದಿರಬಹುದು, ತಲೆ ಎತ್ತಿದವರು ನನ್ನ ಬಲಗೈಯನ್ನೇ ನೋಡಿದರು.

"ಅವ್ವನ ಸಾಲು ಕಣಮ್ಮ ಇದು" ಎಂದರು. ದನಿ ಕೆಳಗಿತ್ತು.

ತಿಮ್ಮಾಚಾರಿ ಗೋಡೆಗೆ ಒರಗಿಕೊಂಡವನು ಮತ್ತೆ ಹಲಗೆ ಎಬ್ಬಿಸಿದ ಜಾಗದ ಹತ್ತಿರ ಬರಲಿಲ್ಲ.

ಆದರೆ ಕೆಲಸ ಬಾಕಿ ಇತ್ತು. ಹಜಾರದ ಕೆಳಗಿನ ಕೆಸರು ಬಳಿದು ತೆಗೆದು, ಮಣ್ಣಿನ ಮೇಲೆ ಟಾರ್ಪಾಲು ಹಾಸುವುದು ಎಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ಹಾಗೆ ಹಾಸಿದರೆ ತೇವ ಮೇಲೇಳುವುದಿಲ್ಲ, ಕಿಂಡಿಯ ಗಾಳಿ ಮರವನ್ನು ಒಣಗಿಸುತ್ತದೆ. ಅತ್ತೆಯ ಕೋಣೆಯ ಕೆಳಗೂ ಹಾಸಲೇಬೇಕು, ಮುಂದಿನ ಮಳೆಗಾಲಕ್ಕೆ ಅಲ್ಲಿಗೂ ತೇವ ಹರಿಯುತ್ತದೆ. ಹಾಸುವವರು ಯಾರು? ಎಳೆದುಕೊಂಡು ಹೋದರೆ ಸಾಲುಗಳು ಅಳಿಸಿಹೋಗುತ್ತವೆ. ಯಜಮಾನರು ನನ್ನ ಮುಖ ನೋಡಿದರು, ನಾನು ಟಾರ್ಪಾಲಿಗೆ ಕೈ ಹಾಕಿದೆ.

ಭಾವ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಹಾಗೆಯೇ ಕೆಳಗಿಳಿದರು. ಮಡಿಕೆ ಬಿಚ್ಚುತ್ತಾ, ಒಂದೊಂದೇ ಅಂಗುಲ ಎತ್ತಿ ಎತ್ತಿ ಇಡುತ್ತಾ, ಸಾಲುಗಳ ನಡುವಿನ ತಗ್ಗಿನಲ್ಲಷ್ಟೇ ಮೊಣಕಾಲೂರಿ, ಒಂದರ ನೆತ್ತಿಯೂ ಕುಸಿಯದ ಹಾಗೆ ಮುಚ್ಚುತ್ತಾ ಹೋದರು. ಕೆಮ್ಮಿನ ಸದ್ದು ಕೇಳುತ್ತಿತ್ತು. ನಡುವೆ ಕಲ್ಲು ಕೇಳಿದರು. ಯಜಮಾನರು ಕಣದಿಂದ ಕಲ್ಲುಗಳನ್ನು ತಂದು ಕೊಟ್ಟರು, ಭಾವ ಅವನ್ನು ಅಂಚಿನುದ್ದಕ್ಕೂ ಹೇರಿದರು. ಕೆಲಸ ಮುಗಿಯುವ ಹೊತ್ತಿಗೆ ಕಿಟಕಿಯ ಬಿಸಿಲು ಕೋಣೆಯಿಂದ ಹೊರಟುಹೋಗಿತ್ತು.

ಮೇಲೆ ಬಂದವರ ಅಂಗಿ, ಪಂಚೆ, ಮೀಸೆಯೆಲ್ಲ ಧೂಳು. "ಇಬ್ಬನಿ ಬೀಳೋ ಹೊತ್ತಾಗ್ಬುಟ್ಟಿತ್ತು" ಎಂದರು, ತಡವಾದದ್ದಕ್ಕೆ ಸಮಜಾಯಿಷಿ ಕೊಡುವವರ ಹಾಗೆ.

ನಾನು ಹಲಗೆ ಎಬ್ಬಿಸಿದ ಜಾಗದಲ್ಲಿ ಬಗ್ಗಿ ನೋಡಿದೆ. ಟಾರ್ಪಾಲಿನ ಮೇಲೆ ಸಾಲುಗಳು ಉಬ್ಬಿಕೊಂಡು ಕಾಣುತ್ತಿದ್ದವು, ಒಂದೂ ಕದಲಿರಲಿಲ್ಲ. ಕೊನೆಯ ಕೊಕ್ಕೆಗಳು ಕೂಡ ಹಾಗೆಯೇ ಇದ್ದವು.

"ಬಾಳ ಚೆನ್ನಾಗಿ ಮುಚ್ಚಿದೀರ ಭಾವ" ಎಂದೆ.

ಅವರು ಬೇರೆ ಕಡೆ ತಿರುಗಿ ಬಟ್ಟೆ ಕೊಡವಿಕೊಂಡರು. ಎಷ್ಟು ಕೊಡವಿದರೂ ಅದು ಮುಗಿಯಲಿಲ್ಲ. ಸಿಮೆಂಟಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ನೆಲ ಒಣಗಿತು. ಕಣದ ಅಂಚನ್ನು ಗೋಡೆಯಿಂದ ಒಂದು ಮೊಳ ಹಿಂದಕ್ಕೆ ಒಡೆದು ಕಿಂಡಿಗಳನ್ನು ಬಿಡಿಸಿದೆವು, ಇಲಿ ಬಾರದಂತೆ ತಂತಿಬಲೆ ಹೊಡೆಸಿದೆವು. ಪ್ಲಾಸ್ಟಿಕ್ ಹಾಸು ದನದ ಕೊಟ್ಟಿಗೆಗೆ ಹೋಯಿತು. ಕೊನೆಯ ಕಾಫಿ ಮೂಟೆ ಕಣದಿಂದ ಏಳುವಷ್ಟರಲ್ಲಿ ಹಲಗೆಯ ಅಂಚುಗಳು ತಾವಾಗಿಯೇ ಕೂತಿದ್ದವು. ಹಳೆಯ ಬಂಗಲೆಗಳ ಜನ ಈಗ ತಮ್ಮ ಮರದ ನೆಲ ಕೆಟ್ಟರೆ ನನ್ನನ್ನು ಕೇಳಲು ಬರುತ್ತಾರೆ, ಮೊದಲು ನಿಮ್ಮ ಕಿಂಡಿ ಎಲ್ಲಿ ಎಂದು ನೋಡಿ ಬನ್ನಿ ಎಂದು ವಾಪಸು ಕಳಿಸುತ್ತೇನೆ. ಮಧ್ಯಾಹ್ನದ ಆ ಸದ್ದು, ಭಾವ ಟಾರ್ಪಾಲು ಮುಚ್ಚಿದ ದಿನದಿಂದ ಮತ್ತೆ ಕೇಳಿಲ್ಲ.

ಬುದ್ಧಿಗೆ ನಾನು ರಜೆ ಕೊಟ್ಟಿಲ್ಲ. ತೊಲೆಗಳಿಂದ ಹನಿ ಬಿದ್ದು ಬಿದ್ದು ಮಣ್ಣಿನಲ್ಲಿ ಸಾಲು ಮೂಡಿರಬಹುದು ಎಂದು ಯೋಚಿಸಿದ್ದೇನೆ. ಆದರೆ ತೊಲೆಗಳು ಹೋಗುವುದು ಉದ್ದಕ್ಕೆ, ಸಾಲುಗಳು ಇದ್ದದ್ದು ಅಡ್ಡಕ್ಕೆ. ಹನಿ ಬಿದ್ದರೆ ಮಣ್ಣು ಒದ್ದೆಯಾಗಬೇಕು, ಬೆಚ್ಚಗಾಗುವುದಿಲ್ಲ. ಬಿಸಿಲಿಗೆ ಕಾದ ಮುಂದಿನ ಗೋಡೆಯಿಂದ ಆ ಕೋಣೆಯ ಅಡಿ ಒಣಗಿತು ಎನ್ನೋಣವೆಂದರೆ ಹಜಾರಕ್ಕೂ ಅದೇ ಗೋಡೆ. ಪುನುಗು ಬೆಕ್ಕು ಕೆರೆದಿರಬಹುದು ಎಂದು ಓದಿದವರೊಬ್ಬರು ಹೇಳಿದರು. ಅಷ್ಟು ನೇರವಾಗಿ ಕೆರೆಯುವ ಬೆಕ್ಕು ಸಿಕ್ಕಿದರೆ ಕಳಿಸಿ, ಕುಯ್ಲಿಗೆ ಆಳು ಸಿಗುತ್ತಿಲ್ಲ ಎಂದೆ. ದೆವ್ವವನ್ನು ನಾನು ಈಗಲೂ ನಂಬುವುದಿಲ್ಲ. ನನ್ನ ಕಣ್ಣನ್ನು ನಂಬದಿರಲು ಮಾತ್ರ ಆಗುತ್ತಿಲ್ಲ.

ಭಾವ ಈಗ ಕುಯ್ಲಿನ ಕಾಲದಲ್ಲಿ ಭಾನುವಾರ ಬಂದರೆ, ನಾವೆಲ್ಲ ಊಟಕ್ಕೆ ಕುಳಿತ ಹೊತ್ತಿಗೆ ಕಣಕ್ಕೆ ಇಳಿಯುತ್ತಾರೆ. ಅವರ ಸಾಲು ಇವತ್ತಿಗೂ ಹಾವು ಹರಿದ ಹಾಗೇ ಇರುತ್ತದೆ, ಯಾರೂ ನಗುವುದಿಲ್ಲ. ಹಜಾರದ ನೆಲದಲ್ಲಿ ತಿಮ್ಮಾಚಾರಿ ಒಂದು ಮುಚ್ಚಳ ಮಾಡಿಕೊಟ್ಟಿದ್ದಾನೆ, ಮಳೆಗಾಲ ಕಳೆದ ಮೇಲೆ ಅಲ್ಲಿ ಟಾರ್ಪಾಲು ಎತ್ತಿ ಮಣ್ಣು ನೋಡುತ್ತೇವೆ. ಅತ್ತೆಯ ಕೋಣೆಯ ಕೆಳಗಿ​ನದನ್ನು ಎತ್ತಿಲ್ಲ. ಸಂಜೆ ಮುಚ್ಚಿದ್ದನ್ನು ಬೆಳಗ್ಗೆ ತೆಗೆಯಬೇಕು ಎಂಬುದು ಕಣದ ಕಟ್ಟಳೆ, ಅದು ನನಗೂ ಗೊತ್ತು, ಭಾವನಿಗೂ ಗೊತ್ತು. ಆದರೆ ಸಾಕಷ್ಟು ಒಣಗಿದೆಯೋ ಇಲ್ಲವೋ ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದವರು ಅತ್ತೆ ಒಬ್ಬರೇ.